ಉಕ್ಕಿನೊಳಗಿನ ಕೂಳಿ

ಕಾರವಾರದ ಬೈತಖೋಲ ಬಂದರಿನ ದೋಣಿ ಮಾಲೀಕರೊಬ್ಬರು ತಂದುಕೊಟ್ಟ ಬೋಲ್ಟು ಇನ್ನೂ ನನ್ನ ಮೇಜಿನ ಮೇಲಿದೆ. 12.9 ದರ್ಜೆಯದು, ಅಂದರೆ ತುಂಬಾ ಗಟ್ಟಿ ಉಕ್ಕಿನದು, ಜಿಂಕ್ ಪ್ಲೇಟಿಂಗ್ ಆದದ್ದು, ಎಂಜಿನ್ನಿನ ಬುಡಕ್ಕೆ ಬಿಗಿದು ಎರಡೇ ದಿನವಾಗಿತ್ತು. "ಸರ್, ಎಂಜಿನ್ ಬಂದ್ ಇತ್ತು, ರಾತ್ರಿ ತಲೆ ತಾನಾಗಿಯೇ ಹಾರಿಹೋಗಿದೆ" ಎಂದರು. ಮುರಿದ ಮುಖದಲ್ಲಿ ತುಕ್ಕಿಲ್ಲ, ಜಗ್ಗಿ ಸಣ್ಣಗಾದ ಗುರುತಿಲ್ಲ. ಭೂತಗನ್ನಡಿ ಹಿಡಿದರೆ ಕಲ್ಲುಸಕ್ಕರೆ ಒಡೆದಂತೆ ಹರಳುಹರಳಾಗಿ ಮಿನುಗುತ್ತದೆ. ಒಂದೇ ಬೋಲ್ಟು ನೋಡಿ ಖಚಿತವಾಗಿ ಹೇಳಲಾಗದು, ಆದರೆ ಆಮ್ಲದಲ್ಲಿ ತೊಳೆಯುವಾಗಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಒಳಹೊಕ್ಕು ಉಕ್ಕನ್ನು ಪೆಡಸಾಗಿಸುವ ಹೈಡ್ರೋಜನ್ನಿನ ಮೇಲೆಯೇ ನನ್ನ ಅನುಮಾನ.

"ಹಾಗಾದರೆ ಹೈಡ್ರೋಜನ್ ಹಿಡಿಯುವ ವನೇಡಿಯಂ ಉಕ್ಕು ತಂದರೆ ಆಯಿತಲ್ಲ?" ಎಂದು ಕೇಳದವರಿಲ್ಲ. ಅಷ್ಟಕ್ಕೇ ಆಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಸಾಲದು. ಮುರಿತಕ್ಕೆ ಕಾರಣವಾಗುವುದು ಉಕ್ಕಿನಲ್ಲಿರುವ ಒಟ್ಟು ಹೈಡ್ರೋಜನ್ ಅಲ್ಲ, ಅದರಲ್ಲಿ ಓಡಾಡುವ ಪಾಲು; ಅದು ಎಳೆತ ಹೆಚ್ಚಿರುವ ತಲೆಯ ಬುಡಕ್ಕೋ ಥ್ರೆಡ್ಡಿನ ಸಂದಿಗೋ ನಿಧಾನವಾಗಿ ಹೋಗಿ ಸೇರುವುದರಿಂದಲೇ ಬೋಲ್ಟು ಬಿಗಿದ ಕೂಡಲೇ ಮುರಿಯದೆ ದಿನ ಕಳೆದ ಮೇಲೆ ಮುರಿಯುತ್ತದೆ. ಕೆಲವೇ ನ್ಯಾನೋಮೀಟರ್ ಗಾತ್ರದ ವನೇಡಿಯಂ, ನಿಯೋಬಿಯಂ, ಟೈಟಾನಿಯಂ ಕಾರ್ಬೈಡಿನ (ಆ ಲೋಹ ಇಂಗಾಲದೊಡನೆ ಸೇರಿ ಆದದ್ದು) ಕಣಗಳು ಅದನ್ನು ದಾರಿಯಲ್ಲೇ ಹಿಡಿಯುತ್ತವೆ. ಹೈಡ್ರೋಜನ್ನಿನ ಬದಲು ಅದರದೇ ಭಾರದ ರೂಪವಾದ ಡ್ಯುಟೀರಿಯಂ ತುಂಬಿದ ಉಕ್ಕನ್ನು ಕಡುಶೀತದಲ್ಲಿಟ್ಟು ಪರಮಾಣುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು, ಅದು ನಿಯೋಬಿಯಂ ಕಾರ್ಬೈಡ್ ಕಣದ ಅಂಚಿನಲ್ಲೇ ಕುಳಿತಿರುವುದನ್ನು 2020ರಲ್ಲಿ ತೋರಿಸಿದರು.

ನಮ್ಮ ಕಡೆ ಮೊದಲ ಮಳೆಗೆ ಗದ್ದೆಯ ನೀರಿನಲ್ಲಿ ಮೀನು ಹಿಡಿಯುವ ಬುಟ್ಟಿ, ಅಂದರೆ ಕೂಳಿ, ಇಡುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಕೂಳಿಗೆ ಬಿದ್ದ ಮೀನು ಗದ್ದೆ ಬಿಟ್ಟು ಹೋಗಿಲ್ಲ, ಓಡಾಟ ನಿಲ್ಲಿಸಿದೆ, ಅಷ್ಟೇ. ಕೂಳಿ ತುಂಬಿದ ಮೇಲೆ ಬಂದ ಮೀನು ಪಕ್ಕದಿಂದ ಸಾಗುತ್ತದೆ. ಕಾರ್ಬೈಡಿಗೂ ಅಂಥ ಮಿತಿಯುಂಟು. ತೊಟ್ಟಿಯಲ್ಲಿ ಒಮ್ಮೆ ಹೊಕ್ಕ ಅಲ್ಪ ಹೈಡ್ರೋಜನ್ನಿಗೆ ಅದು ಸಾಕಾಗಬಹುದು. ಆದರೆ ತುಕ್ಕು ತಡೆಯಲೆಂದು ದೋಣಿಯ ತಳಕ್ಕೆ ಕಟ್ಟುವ ಸತುವಿನ ಗಟ್ಟಿಯಿಂದಾಗಿ ಉಪ್ಪುನೀರಿನಲ್ಲಿ ಮುಳುಗಿದ ಬರಿಯ ಉಕ್ಕಿನ ಮೇಲೆ ಹಗಲಿರುಳು ಹೈಡ್ರೋಜನ್ ಹುಟ್ಟುತ್ತಿದ್ದರೆ, ಎಂಥ ಕೂಳಿಯೂ ಒಂದು ದಿನ ತುಂಬುತ್ತದೆ.

ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿದರೆ ಓಡಾಡುವ ಹೈಡ್ರೋಜನ್ ಬಹುಪಾಲು ಹೊರಬೀಳುತ್ತದೆ. ಬಿರುಕು ಹುಟ್ಟಿದ ಮೇಲೆ ಕಾಯಿಸಿದರೆ ಬಿರುಕು ಮುಚ್ಚುವುದಿಲ್ಲ. ಆ ಮಾಲೀಕರಿಗೆ ನಾನು ಹೇಳಿದ್ದು, ಅಷ್ಟು ಗಟ್ಟಿಯಲ್ಲದ, ಹಾಗಾಗಿ ಹೈಡ್ರೋಜನ್ನಿಗೆ ಸುಲಭಕ್ಕೆ ಬಲಿಯಾಗದ 8.8 ದರ್ಜೆಯ ಬೋಲ್ಟನ್ನೇ ಒಂದು ಸೈಜು ದಪ್ಪಗೆ ತೆಗೆದುಕೊಂಡು, ತೂತನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡಿಸಿ ಎಂದು.