ಒಂದೇ ಅಕ್ಷರದ ಬದಲಾವಣೆ, ಮೂರು ಉತ್ತರ

ಬಯೋಇನ್ಫರ್ಮ್ಯಾಟಿಕ್ಸ್ (ಜೀವಶಾಸ್ತ್ರದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿಷಯ) ತರಗತಿಯನ್ನು ‘ಇವತ್ತು ಬ್ಲಾಸ್ಟ್ (ಸರಣಿ ಹೋಲಿಸಿ ಹುಡುಕುವ ಟೂಲ್) ಕಲಿಯೋಣ’ ಎಂದು ಶುರು ಮಾಡಿದರೆ ಮಕ್ಕಳು ಕಲಿಯುವುದು ಬಟನ್ ಒತ್ತುವುದನ್ನಷ್ಟೇ. ಸಮಸ್ಯೆ ಮೊದಲು ಬರಬೇಕು, ಟೂಲ್ ಆಮೇಲೆ.

ಐದೈದು ಜನರ ಗುಂಪಿಗೆ 444 ಅಕ್ಷರಗಳ ಡಿಎನ್‌ಎ ಸರಣಿಯ ಫಾಸ್ಟಾ ಫೈಲ್ (ಮೊದಲ ಸಾಲಿನಲ್ಲಿ ಹೆಸರು, ಕೆಳಗೆ ಸರಣಿ ಇರುವ ಪಠ್ಯ ಫೈಲ್) ಕೊಡಿ. ಹಿಮೋಗ್ಲೋಬಿನ್ ಬೀಟಾ ಜೀನಿನ ಕೋಡಿಂಗ್ ಭಾಗ, ಅಂದರೆ ಪ್ರೋಟೀನಾಗಿ ಅನುವಾದವಾಗುವ ಭಾಗ ಅದು. 20ನೇ ಅಕ್ಷರ ‘ಎ’ ತೆಗೆದು ‘ಟಿ’ ಹಾಕಿರಿ; ಸಿಕಲ್ ಸೆಲ್ ರೋಗದ ಬದಲಾವಣೆ ಅದು. ಫೈಲಿನ ಹೆಸರಿನಲ್ಲಾಗಲಿ ಮೊದಲ ಸಾಲಿನಲ್ಲಾಗಲಿ ಸುಳಿವು ಇರಬಾರದು. ಪ್ರಶ್ನೆ ಒಂದೇ: ಈ ರೋಗಿಯ ವರದಿಯಲ್ಲಿ ಏನೆಂದು ಬರೆಯುತ್ತೀರಿ?

ಮೊದಲ 40 ನಿಮಿಷ ಕಂಪ್ಯೂಟರ್ ಮುಟ್ಟುವಂತಿಲ್ಲ. ಗೊತ್ತಿರುವುದೇನು, ತಿಳಿಯಬೇಕಾದ್ದೇನು, ಎಲ್ಲಿ ಹುಡುಕಬೇಕು ಎಂದು ಹಾಳೆಯ ಮೇಲೆ ಬರೆಯಲಿ. ಈ ಹಂತ ಬಿಟ್ಟರೆ ಎಲ್ಲರೂ ನೇರ ಸರಣಿಯನ್ನು ಪೇಸ್ಟ್ ಮಾಡಿ ಮೇಲಿನ ಫಲಿತಾಂಶವನ್ನೇ ನಂಬುತ್ತಾರೆ. ಇಡೀ ನ್ಯೂಕ್ಲಿಯೋಟೈಡ್ ಡೇಟಾಬೇಸಿನಲ್ಲಿ ಹುಡುಕಿದರೆ ಇದೇ ಬದಲಾವಣೆ ಇರುವ ದಾಖಲೆ 100% ಹೊಂದಿಕೆಯೊಂದಿಗೆ ಮೇಲೆ ಬರಬಹುದು. ಆಗ ‘ದೋಷವೇ ಇಲ್ಲ’ ಎಂದುಬಿಡುತ್ತಾರೆ. ತಿದ್ದಬೇಡಿ, ‘ಯಾವುದರ ಜೊತೆ ಹೋಲಿಸಿದಿರಿ?’ ಎಂದು ಕೇಳಿ. ರೆಫ್‌ಸೆಕ್ ಎಂಬ ಮಾದರಿ ಸರಣಿಗಳ ಸಂಗ್ರಹದಲ್ಲಿರುವ ಸರಣಿಯ ಜೊತೆ ಹೋಲಿಸಿದಾಗ 444ರಲ್ಲಿ 443 ಹೊಂದುತ್ತವೆ.

ನಿಜವಾದ ಪಾಠ ಇನ್ನು ಮುಂದೆ. ಹಳೆಯ ಪಠ್ಯ ನೋಡಿದ ಗುಂಪು ಪ್ರೋಟೀನಿನ 6ನೇ ಅಮೈನೋ ಆಮ್ಲ ಗ್ಲುಟಾಮಿಕ್ ಆಮ್ಲದಿಂದ ವ್ಯಾಲಿನ್ ಆಗಿದೆ ಎನ್ನುತ್ತದೆ. ಸರಣಿಯನ್ನು ತಾನೇ ಪ್ರೋಟೀನಿಗೆ ಅನುವಾದಿಸಿದ ಗುಂಪು 7ನೆಯದು ಎನ್ನುತ್ತದೆ. ಜೀನೋಮ್ ಬ್ರೌಸರ್ (ಕ್ರೋಮೋಸೋಮಿನ ಸರಣಿ ತೋರಿಸುವ ಜಾಲತಾಣ) ತೆರೆದವರಿಗೆ ‘ಟಿ’ ಹೋಗಿ ‘ಎ’ ಬಂದಂತೆ ಕಾಣುತ್ತದೆ. ಮೂರೂ ಸರಿ. ಪ್ರೋಟೀನ್ ತಯಾರಾಗುವಾಗ ಮೊದಲ ಅಮೈನೋ ಆಮ್ಲ ಮೆಥಿಯೋನಿನ್ ಕತ್ತರಿಸಿ ಹೋಗುತ್ತದೆ. ಹಳೆಯ ಎಣಿಕೆ ಅದನ್ನು ಬಿಡುತ್ತದೆ, ಈಗಿನ ಎಚ್‌ಜಿವಿಎಸ್ ನಿಯಮ (ಜೀನ್ ಬದಲಾವಣೆಗಳನ್ನು ಬರೆಯುವ ಪದ್ಧತಿ) ಸೇರಿಸುತ್ತದೆ. ಜೀನ್ ಇರುವುದು 11ನೇ ಕ್ರೋಮೋಸೋಮಿನ ಮೈನಸ್ ಎಳೆಯಲ್ಲಿ, ಬ್ರೌಸರ್ ತೋರಿಸುವುದು ಪ್ಲಸ್ ಎಳೆಯನ್ನು; ಅಲ್ಲಿ ಗ್ಲುಟಾಮಿಕ್ ಆಮ್ಲದ ‘ಜಿಎಜಿ’ ಎಂಬುದು ಎದುರು ಎಳೆಯ ‘ಸಿಟಿಸಿ’ ಆಗಿ ಕಾಣುತ್ತದೆ.

ಈ ಜಗಳ ನಡೆಯುವಾಗ ಮೇಷ್ಟ್ರು ಬಾಯಿ ಬಿಡದಿರುವುದೇ ಕಷ್ಟದ ಕೆಲಸ. ಮೊದಲ ಏಳು ಕೋಡಾನ್‌ಗಳನ್ನು (ಒಂದೊಂದು ಅಮೈನೋ ಆಮ್ಲ ಸೂಚಿಸುವ ಮೂರು ಅಕ್ಷರಗಳ ಗುಂಪು) ಕೈಯಲ್ಲಿ ಬರೆದು ಎಣಿಸಲು ಹೇಳಿ, ಅಷ್ಟು ಸಾಕು.

ಅಂಕವನ್ನು ಉತ್ತರಕ್ಕಿಂತ ಅದರ ದಾಖಲೆಗೆ ಹೆಚ್ಚು ಕೊಡಿ: ಯಾವ ಡೇಟಾಬೇಸ್, ಮಾದರಿ ಸರಣಿಯ ಯಾವ ಆವೃತ್ತಿ, ಯಾವ ಎಣಿಕೆ. ಇವು ಇಲ್ಲದ ‘6’ ಅಥವಾ ‘7’ ವರದಿಯಲ್ಲಿ ಅಪಾಯಕಾರಿ.

ಮುಂದಿನ ವಾರ ಇದೇ ಜೀನನ್ನು ಇಂಟ್ರಾನ್ (ಪ್ರೋಟೀನಾಗಿ ಅನುವಾದವಾಗದ ನಡುವಿನ ಭಾಗ) ಸಮೇತ ಕೊಡಿ. ಅನುವಾದ ಮೊದಲ ಇಂಟ್ರಾನಿನಲ್ಲೇ ಸ್ಟಾಪ್ ಕೋಡಾನಿಗೆ (‘ಇಲ್ಲಿ ಮುಗಿಸು’ ಎನ್ನುವ ಕೋಡಾನ್) ನಿಲ್ಲುತ್ತದೆ, ಫೈಲೇ ಕೆಟ್ಟಿದೆ ಎನ್ನುತ್ತಾರೆ. ಮತ್ತೆ ಹಾಳೆ ಕೊಟ್ಟು ಕೂರಿಸಿ.