ನೆರಳಿನ ಸೊಪ್ಪಿಗೆ ಬಿಸಿಲಿನ ನೀರು

ವಾರಕ್ಕೆ ನಾಲ್ಕೈದು ಸಲ ನನ್ನ ವಾಟ್ಸಾಪ್‌ಗೆ ಒಂದೇ ಫೋಟೋ ಬರುತ್ತದೆ. ಕಳಿಸುವವರು ಬೇರೆ ಬೇರೆ, ಫೋಟೋ ಮಾತ್ರ ಅದೇ. ಪುದೀನದ ಎಲೆ ಹಳದಿ. ಕಾಂಡದ ಬುಡ ಕಪ್ಪು. ಕುಂಡದ ಮಣ್ಣು ಒದ್ದೆಯಾಗಿ ಮಿರಮಿರ ಹೊಳೆಯುತ್ತಿರುತ್ತದೆ. ಕೆಳಗಿನ ತಟ್ಟೆಯಲ್ಲಿ ಎರಡು ಬೆರಳು ನೀರು. ಜೊತೆಗೆ ಒಂದು ಸಾಲು: "ಸರ್, ದಿನಾ ಎರಡು ಹೊತ್ತು ನೀರು ಹಾಕ್ತಿದೀನಿ, ಆದ್ರೂ ಬಾಡ್ತಿದೆ. ಯಾವ ಗೊಬ್ಬರ ಹಾಕ್ಲಿ?"

ಆ "ಆದ್ರೂ" ಅನ್ನುವ ಪದ ನೋಡಿದಾಗಲೆಲ್ಲ ನನಗೆ ಫೋನ್ ಪಕ್ಕಕ್ಕಿಟ್ಟು ಒಂದು ಲೋಟ ಕಾಫಿ ಕುಡಿಯಬೇಕು ಅನ್ನಿಸುತ್ತದೆ. ದಿನಾ ಎರಡು ಹೊತ್ತು ನೀರು ಹಾಕುವುದರಿಂದಲೇ ಅದು ಬಾಡುತ್ತಿರುವುದು ಮಾರಾಯ್ರೇ.

ಬೆಂಗಳೂರಿನ ಮನೆಗಳಲ್ಲಿ ಕೈತೋಟ ಮಾಡಿಕೊಡುವುದು ನನ್ನ ಕೆಲಸ. ತೋಟ ಅಂದರೆ ದೊಡ್ಡದೇನಲ್ಲ. ಮೂವತ್ತು ನಲವತ್ತು ಸೈಟಿನಲ್ಲಿ ಮೂರು ಮಹಡಿ ಕಟ್ಟಿ, ಪಕ್ಕದ ಮನೆಯ ಗೋಡೆಗೂ ನಮ್ಮ ಗೋಡೆಗೂ ನಡುವೆ ಉಳಿಯುವ ಮೂರಡಿ ಓಣಿ. ಅಥವಾ ಅಪಾರ್ಟ್‌ಮೆಂಟಿನ ಬಾಲ್ಕನಿ. ಅಥವಾ ಸಂಪ್ ಮೇಲಿನ ಮೂಲೆ. ಟೆರೇಸ್ ಇದ್ದವರು ಪುಣ್ಯವಂತರು, ಅವರ ತೊಂದರೆಗಳೇ ಬೇರೆ. ನನ್ನನ್ನು ಕರೆಯುವವರಲ್ಲಿ ಮುಕ್ಕಾಲು ಪಾಲು ಜನರ ಜಾಗಕ್ಕೆ ಬಿಸಿಲು ದಿನಕ್ಕೆ ಎರಡು ಗಂಟೆ ಬಂದರೆ ಹಬ್ಬ. ಅಲ್ಲೂ ಸೊಪ್ಪು ಬೆಳೆಯಬಹುದು. ಅದು ಅವರಿಗೂ ಗೊತ್ತು. ಯಾವ ಗಿಡ ಅನ್ನುವುದನ್ನೂ ಹೇಗೋ ಹುಡುಕಿಕೊಂಡು ತಂದಿರುತ್ತಾರೆ. ಎಡವುವುದು ನೀರಿನಲ್ಲಿ.

ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೇರು ಎಳೆದುಕೊಂಡ ನೀರಿನಲ್ಲಿ ಬಹುಪಾಲು ಗಿಡದ ಮೈಯಲ್ಲಿ ಉಳಿಯುವುದಿಲ್ಲ. ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಆ ರಂಧ್ರ ತೆರೆಯುವುದು ಬೆಳಕಿಗೆ. ಆವಿಯನ್ನು ಎಳೆಯುವುದು ಬಿಸಿಲಿನ ಕಾವು ಮತ್ತು ಗಾಳಿ. ಬೆಳಕು ಕಡಿಮೆಯಾದರೆ ಗಿಡ ಕುಡಿಯುವುದೂ ಕಡಿಮೆ. ಮಣ್ಣಿನ ಮೇಲಿಂದ ಆರುವುದೂ ಕಡಿಮೆ. ಟೆರೇಸಿನಲ್ಲಿ ಒಂದೇ ದಿನಕ್ಕೆ ಒಣಗುವ ಕುಂಡ ಆ ಮೂರಡಿ ಓಣಿಯಲ್ಲಿ ನಾಲ್ಕು ದಿನವಾದರೂ ಒದ್ದೆಯೇ ಇರುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಒದ್ದೆ ಇದ್ದರೆ ಏನಾಯಿತು ಅನ್ನುತ್ತೀರಾ? ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ನಿಂತರೆ ಬೇರು ಉಸಿರು ಕಟ್ಟಿ ಸಾಯುತ್ತದೆ, ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಎಲೆ ಬಾಡುತ್ತದೆ. ನೀರಿನ ನಡುವೆಯೇ ನಿಂತು ಬಾಯಾರಿ ಬಾಡುತ್ತದೆ. ನೋಡಿದವರಿಗೆ "ಅಯ್ಯೋ ಪಾಪ, ನೀರು ಸಾಲಲಿಲ್ಲ" ಅನ್ನಿಸುತ್ತದೆ. ಇನ್ನೊಂದು ಚೊಂಬು ಸುರಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಅಡುಗೆಮನೆ ಲೆಕ್ಕದಲ್ಲಿ ಹೇಳುವುದಾದರೆ ಗಿಡಕ್ಕೆ ಬೆಳಕೇ ಒಲೆ. ಒಲೆ ಸಣ್ಣಗೆ ಉರಿಯುವಾಗ ಸೇರು ಅಕ್ಕಿ, ಕೊಡ ನೀರು ಸುರಿದರೆ ಅನ್ನ ಆಗುವುದಿಲ್ಲ, ನೆನೆದು ಹುಳಿಯಾಗುತ್ತದೆ. ಉರಿ ಎಷ್ಟಿದೆಯೋ ಅಷ್ಟೇ ನೀರು. ಇದನ್ನು ಎಷ್ಟು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಎಲ್ಲರೂ ತಲೆಯಾಡಿಸುತ್ತಾರೆ. ನಾನು ಗೇಟು ದಾಟುವಷ್ಟರಲ್ಲಿ ಪೈಪ್ ಸದ್ದು ಕೇಳಿಸುತ್ತದೆ.

ಜಯನಗರದ ಒಬ್ಬ ನಿವೃತ್ತ ಗಣಿತ ಮೇಷ್ಟ್ರು ನನ್ನ ಹಳೆಯ ಗಿರಾಕಿ. ಎರಡನೇ ಮಹಡಿ, ದಕ್ಷಿಣದ ಬಾಲ್ಕನಿ, ಹದಿಮೂರು ಕುಂಡ. ಬೆಳಿಗ್ಗೆ ಎಂಟಕ್ಕೆ ಕುಂಡಕ್ಕೊಂದು ಚೊಂಬು, ಸಂಜೆ ಐದಕ್ಕೆ ಕುಂಡಕ್ಕೊಂದು ಚೊಂಬು. ನಿಯಮ ಅಂದರೆ ನಿಯಮ. ಜುಲೈಯಲ್ಲಿ ಕರೆದರು. ದೊಡ್ಡಪತ್ರೆ ಕುಂಡ ಬೋರಲು ಹಾಕಿದೆ. ಬೇರು ನೆನೆಸಿದ ಗೋಣಿನಾರಿನ ಹಾಗೆ ಕಿತ್ತು ಬಂತು, ಚರಂಡಿ ವಾಸನೆ. ಮೇಷ್ಟ್ರು ಸಪ್ಪಗಾದರು. "ಇಷ್ಟು ಪ್ರೀತಿಯಿಂದ ನೋಡ್ಕೊಂಡಿದ್ನಲ್ಲಪ್ಪ" ಅಂದರು. ನನಗೂ ಬೇಜಾರಾಯಿತು. ಪ್ರೀತಿ ಇಲ್ಲದವರ ಮನೆಯಲ್ಲಿ ಗಿಡಗಳು ಒಣಗುತ್ತವೆ, ನೀರು ಹಾಕಿದರೆ ಅರ್ಧದಷ್ಟು ಬದುಕಿಕೊಳ್ಳುತ್ತವೆ. ಪ್ರೀತಿ ಜಾಸ್ತಿ ಆದ ಮನೆಯದ್ದನ್ನು ಉಳಿಸುವುದು ಕಷ್ಟ.

"ಮೇಷ್ಟ್ರೇ, ಗಡಿಯಾರ ನೋಡಬೇಡಿ. ಬೆರಳು ಹಾಕಿ. ಎರಡು ಗೆಣ್ಣು ಒಳಗೆ ಹೋಗಲಿ. ಬೆರಳಿಗೆ ಮಣ್ಣು ಅಂಟಿದರೆ ಆ ದಿನ ನೀರಿಲ್ಲ. ಮೂರು ದಿನಕ್ಕೊಮ್ಮೆ ಸಾಕಾಗಬಹುದು" ಅಂದೆ. ಗಣಿತದವರಲ್ವಾ, ನೋಟ್‌ಬುಕ್ಕಿನಲ್ಲಿ ಪಟ್ಟಿ ಹಾಕಿದರು. ಒದ್ದೆ, ಒದ್ದೆ, ಒದ್ದೆ, ಒದ್ದೆ, ಒಣ. ಫೆಬ್ರವರಿಯಲ್ಲಿ ಫೋನು ಬಂತು. "ನಿನ್ನ ಮೂರು ದಿನದ ಲೆಕ್ಕ ತಪ್ಪು ಕಣಪ್ಪ. ಜುಲೈಯಲ್ಲಿ ಐದು ದಿನ ಬೇಕಾಯ್ತು. ಈಗ ಒಂದೂವರೆ ದಿನಕ್ಕೇ ಒಣಗ್ತಿದೆ. ಅದೇ ಕುಂಡ, ಅದೇ ಮಣ್ಣು."

ಒಪ್ಪಿಕೊಂಡೆ. ಅವರ ಬಾಲ್ಕನಿ ಜುಲೈಯಲ್ಲಿ ನೆರಳು, ಫೆಬ್ರವರಿಯಲ್ಲಿ ಬಿಸಿಲು. ನಾನು ಅದನ್ನು ಮೊದಲೇ ಹೇಳಬೇಕಿತ್ತು.

ಈ ವಿಷಯ ಯುರೋಪು, ಅಮೆರಿಕದ ತೋಟದ ವಿಡಿಯೋ ನೋಡುವವರಿಗೆ ತಲೆಗೆ ಹೋಗುವುದೇ ಇಲ್ಲ. ಅಲ್ಲಿ ದಕ್ಷಿಣ ಅಂದರೆ ಬಿಸಿಲು, ಉತ್ತರ ಅಂದರೆ ನೆರಳು, ವರ್ಷವಿಡೀ ಹಾಗೇ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ. ಆ ಎರಡು ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಅವೆರಡರ ನಡುವೆ ಅವನು ನಮ್ಮ ಉತ್ತರಕ್ಕೆ ಹೋಗಿರುತ್ತಾನೆ. ಜೂನ್ 21ರ ಮಧ್ಯಾಹ್ನ ನೆತ್ತಿಯಿಂದ ಸುಮಾರು 10 ಡಿಗ್ರಿ ಉತ್ತರಕ್ಕೆ. ಡಿಸೆಂಬರ್ 21ಕ್ಕೆ ಸುಮಾರು 36 ಡಿಗ್ರಿ ದಕ್ಷಿಣಕ್ಕೆ. ಹಾಗಾಗಿ ದಕ್ಷಿಣದ ಬಾಲ್ಕನಿಗೆ ಚಳಿಗಾಲದಲ್ಲಿ ಬಿಸಿಲು ಒಳಗಿನವರೆಗೆ ಬರುತ್ತದೆ, ಜೂನ್‌ನಲ್ಲಿ ಇಣುಕುವುದೂ ಇಲ್ಲ. ಉತ್ತರದ ಬಾಲ್ಕನಿಗೆ ಡಿಸೆಂಬರಿನಲ್ಲಿ ಬಿಸಿಲೇ ಇಲ್ಲ, ಮೇ ತಿಂಗಳಲ್ಲಿ ಬೆಳಿಗ್ಗೆ, ಸಂಜೆ ಓರೆಯಾಗಿ ಹೊಡೆಯುತ್ತದೆ. "ಉತ್ತರ ದಿಕ್ಕು, ನೆರಳು ಅಂತ ಒಂದೆಲಗ ಇಟ್ಟೆ, ಮೇನಲ್ಲಿ ಸುಟ್ಟೇ ಹೋಯ್ತು" ಅಂತ ಹೇಳುವವರು ಪ್ರತಿವರ್ಷ ಸಿಗುತ್ತಾರೆ. ಉತ್ತರಾಯಣ, ದಕ್ಷಿಣಾಯನ ಅಂತ ಸಂಕಲ್ಪದಲ್ಲಿ ಹೇಳುವ ಜನ ನಾವು. ಬಾಲ್ಕನಿಗೆ ಬಂದಾಗ ಮರೆತುಬಿಡುತ್ತೇವೆ. ಬೀದರ್, ಕಲಬುರಗಿ ಕಡೆಯವರಿಗೆ ಈ ತಾರೀಕುಗಳು ಬದಲಾಗುತ್ತವೆ, ಲೆಕ್ಕ ಇದೇ.

ಮೇಷ್ಟ್ರು ಈಗ ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಿದ್ದಾರೆ. ಬಿಸಿಲು ಎಷ್ಟನೇ ಟೈಲ್ಸಿನವರೆಗೆ ಬಂತು ಅಂತ. ಅಷ್ಟು ಬೇಡ. ಆದರೆ ತಿಂಗಳಿಗೊಮ್ಮೆ, ಮಧ್ಯಾಹ್ನ, ಗಿಡದ ಮೇಲೆ ಅಂಗೈ ಹಿಡಿದು ನೋಡಿ. ನೆರಳಿನ ಅಂಚು ಗೆರೆ ಎಳೆದ ಹಾಗಿದ್ದರೆ ಅದು ಬಿಸಿಲು. ಮಸುಕಾಗಿದ್ದರೆ ಅರೆನೆರಳು, ಸೊಪ್ಪಿಗೆ ಒಳ್ಳೆಯ ಜಾಗ. ಕೈಯ ನೆರಳೇ ಕಾಣದಿದ್ದರೆ ಅಲ್ಲಿ ತಿನ್ನುವ ಸೊಪ್ಪು ಇಡಬೇಡಿ, ಮನಿಪ್ಲಾಂಟ್ ಇಟ್ಟು ಸುಮ್ಮನಾಗಿ. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಏನು ಮಾಡಲಿ, ಕತ್ತಲಲ್ಲಿ ಕೊತ್ತಂಬರಿ ಬೆಳೆಯುವ ವಿದ್ಯೆ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ಇದೆಲ್ಲ ಗೋಡೆಯ ನೆರಳಿನ ಮಾತು, ಕುಂಡದ ಮಾತು. ಮರದ ನೆರಳು ಬೇರೆ. ಮಾವಿನ ಮರದ ಬುಡದ ನೆಲ ಎಷ್ಟೋ ಸಲ ಬಟಾಬಯಲಿಗಿಂತ ಒಣಗಿರುತ್ತದೆ. ಮೇಲೆ ಎಲೆ ಮಳೆಯನ್ನು ತಡೆಯುತ್ತದೆ, ಕೆಳಗೆ ಬೇರು ಇರುವ ನೀರನ್ನೂ ಹೀರುತ್ತದೆ. ಅಲ್ಲಿ ನೆಟ್ಟ ಸೊಪ್ಪಿಗೆ ನೀರು ಹೆಚ್ಚೇ ಬೇಕು. ನನ್ನ ಮಾತು ಕೇಳಿ ಮರದಡಿಯ ಗಿಡ ಒಣಗಿಸಿದವರೂ ಇದ್ದಾರೆ. ಅಲ್ಲೂ ಬೆರಳೇ ಹೇಳುತ್ತದೆ.

ಇನ್ನು ಗಿಡಗಳು. ನಾನು ಹುಟ್ಟಿದ್ದು ಸಾಗರದ ಕಡೆ. ಅಮ್ಮ ನೆರಳಿನ ಗಿಡ ಅಂತ ಯಾವುದನ್ನೂ ನೆಟ್ಟವಳಲ್ಲ. ಬಚ್ಚಲ ನೀರು ಹರಿಯುವ ಕಡೆ ಕೆಸು, ಅದರ ಪಕ್ಕ ನೆಲಕ್ಕೆ ಅಂಟಿಕೊಂಡು ಒಂದೆಲಗ. ಬಾವಿಕಟ್ಟೆ ಹತ್ತಿರ ದೊಡ್ಡಪತ್ರೆ, ಅದೂ ಕಲ್ಲಿನ ಸಂದಿನಲ್ಲಿ, ನೀರು ನಿಲ್ಲದ ಕಡೆ. ಎರಡು ಮಾರು ದೂರದಲ್ಲಿ ಮೂರು ಗಿಡ, ಮೂರಕ್ಕೂ ಬೇರೆ ಬೇರೆ ನೀರು. ಒಂದೆಲಗ ಮತ್ತು ಕೆಸುವಿಗೆ ನನ್ನ ಮೇಲಿನ ಭಾಷಣ ಅಷ್ಟಾಗಿ ತಾಗುವುದಿಲ್ಲ. ಅವು ತೇವದ ಗಿಡಗಳೇ. ದೊಡ್ಡಪತ್ರೆಗೆ ಪೂರ್ತಿ ತಾಗುತ್ತದೆ. ಎಲೆ ಮುರಿದು ನೋಡಿ, ದಪ್ಪಗೆ ರಸ ತುಂಬಿರುತ್ತದೆ. ನೀರನ್ನು ಮೈಯಲ್ಲೇ ಇಟ್ಟುಕೊಂಡಿರುವ ಗಿಡಕ್ಕೆ ದಿನಾ ನೀರು ಹಾಕುವುದು ಉಂಡವರಿಗೆ ಎಲೆ ಹಾಕಿದ ಹಾಗೆ. ಮಳೆಗಾಲದಲ್ಲಿ ಮರದ ಮೇಲೆ ಪಾಚಿಯ ನಡುವೆ ಹುಟ್ಟುವ ಮರಕೆಸು ಇನ್ನೂ ಚೆನ್ನ. ಪತ್ರೊಡೆಗೆ ಅದಕ್ಕಿಂತ ಒಳ್ಳೆಯ ಎಲೆ ಇಲ್ಲ ಅನ್ನುವುದು ನನ್ನ ಪಕ್ಷಪಾತ. ಬೆಂಗಳೂರಿನಲ್ಲಿ ಅದನ್ನು ಬೆಳೆಸಲು ಹೋಗಿ ಮೂರು ಸಲ ಸೋತಿದ್ದೇನೆ.

ಕೆಸುವಿನ ವಿಷಯದಲ್ಲಿ ಹುಷಾರು. ನರ್ಸರಿಯಲ್ಲಿ ಅಂದಕ್ಕೆ ಮಾರುವ, ಕೆಸುವಿನ ಹಾಗೇ ಕಾಣುವ ಗಿಡಗಳು ತಿನ್ನುವಂಥವಲ್ಲ. ತಿನ್ನುವ ಕೆಸುವೂ ತುರಿಸುತ್ತದೆ. ಎಲೆಯೊಳಗೆ ಸೂಜಿಯಂಥ ಹರಳುಗಳಿರುತ್ತವೆ. ಅದಕ್ಕೇ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು. ಗೊತ್ತಿರುವವರ ಮನೆಯಿಂದ ಗೆಡ್ಡೆ ತಂದು ನೆಡಿ.

ಅರೆನೆರಳಿಗೆ ನಾನು ಮೊದಲು ಕೊಡುವುದು ಪುದೀನ ಮತ್ತು ಕಾಡುಕೊತ್ತಂಬರಿ. ಕಾಡುಕೊತ್ತಂಬರಿಗೆ ಉದ್ದ ಎಲೆ, ಅಂಚಿನಲ್ಲಿ ಗರಗಸದ ಹಲ್ಲು, ವಾಸನೆ ಕೊತ್ತಂಬರಿಗಿಂತ ಜೋರು. ಬಿಸಿಲಲ್ಲಿಟ್ಟರೆ ಬೇಗ ಹೂವಿಗೆ ಬಂದು ಮುಳ್ಳಾಗುತ್ತದೆ. ನೆರಳಲ್ಲಿ ಎಲೆ ಅಗಲವಾಗಿ, ಮೆತ್ತಗೆ ಬರುತ್ತದೆ. ಅಂದರೆ ನೆರಳೇ ಅದಕ್ಕೆ ಒಳ್ಳೆಯದು. ಅರಿಶಿನವನ್ನೂ ಎಲೆಗಾಗಿಯೇ ಇಡಬಹುದು, ಕಡುಬಿಗೆ ಆಗುತ್ತದೆ. ಚಕ್ರಮುನಿಯೂ ನೆರಳು ತಡೆಯುತ್ತದೆ, ಪಲ್ಯಕ್ಕೆ ಚೆನ್ನ. ಆದರೆ ಬೇಯಿಸಿ, ಮಿತವಾಗಿ ತಿನ್ನಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದು ಎಷ್ಟೋ ಜನ ಶ್ವಾಸಕೋಶ ಕೆಡಿಸಿಕೊಂಡಿದ್ದರು. "ವಿಟಮಿನ್ ಸೊಪ್ಪು" ಅನ್ನುವ ಹೆಸರು ಕೇಳಿ ಬೆಳಿಗ್ಗೆ ಜ್ಯೂಸ್ ಮಾಡುವವರು ಇದ್ದಾರೆ ಅಂತ ಹೇಳಿದೆ.

ಅರಿವೆ, ದಂಟು ಮಾತ್ರ ಕೇಳಬೇಡಿ. ಅವು ರಾಗಿ, ಜೋಳ, ಕಬ್ಬಿನ ಹಾಗೆ ಸುಡುಬಿಸಿಲಿಗೆ ಹೊಂದಿಕೊಂಡ ಜಾತಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅರಿವೆಯಲ್ಲಿ ಒಳ್ಳೆಯ ತಳಿ, ಕೊಯ್ದ ಹಾಗೆ ಚಿಗುರುತ್ತದೆ. ಅದನ್ನೂ ಓಣಿಯಲ್ಲಿ ಬಿತ್ತಿದರೆ ದಾರದಂತೆ ಉದ್ದಕ್ಕೆ ಎದ್ದು ಮಲಗುತ್ತದೆ. ತಳಿಯ ತಪ್ಪೇನಿಲ್ಲ.

ಗೊಬ್ಬರದ ಪ್ರಶ್ನೆಗೆ ಉತ್ತರ ಬಾಕಿ ಇದೆ. ನೆರಳಿನ ಸೊಪ್ಪಿಗೆ ಸಾರಜನಕ ಜಾಸ್ತಿ ಕೊಟ್ಟರೆ ಗಿಡ ಅದನ್ನು ಪೂರ್ತಿ ಬಳಸಲಾರದು. ನೈಟ್ರೇಟ್ ರೂಪದಲ್ಲಿ ಎಲೆಯಲ್ಲೇ ಸೇರಿಕೊಳ್ಳುತ್ತದೆ. ಮಕ್ಕಳೂ ತಿನ್ನುವ ಸೊಪ್ಪು, ಯಾಕೆ ಬೇಕು? ಯೂರಿಯಾ ಬೇಡವೇ ಬೇಡ. ಎರೆಗೊಬ್ಬರ ಎರಡು ತಿಂಗಳಿಗೊಂದು ಹಿಡಿ ಸಾಕು. ಕೊಯ್ಯುವಾಗಲೂ ಬುಡದವರೆಗೆ ಬೋಳಿಸಬೇಡಿ. ಮೂರರಲ್ಲಿ ಒಂದು ಪಾಲು ತೆಗೆದು ಉಳಿದದ್ದು ಬಿಡಿ. ಮತ್ತೆ ಚಿಗುರಲು ಬಿಸಿಲಿನ ಗಿಡಕ್ಕಿಂತ ಹೆಚ್ಚು ದಿನ ಬೇಕಾಗುತ್ತದೆ.

ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದರ ಬಗ್ಗೆ ನನಗೂ ಮಾರುವವರಿಗೂ ಜಗಳ. ಅದು ಕೆಟ್ಟದ್ದಲ್ಲ, ಟೆರೇಸಿಗೆ ಒಳ್ಳೆಯದು. ನೀರು ಹಿಡಿದಿಟ್ಟುಕೊಳ್ಳುವುದೇ ಅದರ ಗುಣ. ನೆರಳಿನಲ್ಲಿ ಅದೇ ತೊಂದರೆ. ಮೇಲೆ ಒಣಗಿದಂತೆ ಕಂದಾಗಿ ಕಾಣುತ್ತದೆ, ಒಳಗೆ ಹಿಂಡಿದರೆ ನೀರು. ಕುಂಡ ಅಲುಗಿಸಿದಾಗ ಸಣ್ಣ ಕಪ್ಪು ನೊಣ ಎದ್ದರೆ ನೀರು ಜಾಸ್ತಿಯಾಗಿದೆ ಅಂತಲೇ ಅರ್ಥ. ನಾನು ಕೆಮ್ಮಣ್ಣು, ಹಳೇ ಗೊಬ್ಬರ, ದಪ್ಪ ಮರಳು ಸಮಸಮ ಹಾಕುತ್ತೇನೆ. ಕೊಕೊಪೀಟ್ ಹಾಕಿದರೂ ಒಂದು ಹಿಡಿ. ಕುಂಡ ಮಣ್ಣಿನದಾದರೆ ಇನ್ನೂ ಒಳ್ಳೆಯದು, ಮೈಯಿಂದಲೂ ಆರುತ್ತದೆ.

ಕೆಳಗಿನ ತಟ್ಟೆ ತೆಗೆದುಬಿಡಿ. ನೆಲ ಕೊಳೆಯಾಗುತ್ತದೆ ಅನ್ನುವುದಾದರೆ ನೀರು ಹಾಕಿದ ಅರ್ಧ ಗಂಟೆಗೆ ತಟ್ಟೆ ಚೆಲ್ಲಿ. ವಾರ, ಹತ್ತು ದಿನ ನಿಂತ ನೀರು ಸಾಕು ಸೊಳ್ಳೆ ಮೊಟ್ಟೆಯಿಂದ ಹಾರುವವರೆಗೆ ಬೆಳೆಯಲು, ಡೆಂಗಿ ಹರಡುವ ಸೊಳ್ಳೆಗೆ ಇಂಥ ತಟ್ಟೆಯೇ ಇಷ್ಟ. ಮೇಷ್ಟ್ರ ಮನೆಯಲ್ಲಿ ಹದಿಮೂರು ತಟ್ಟೆಯನ್ನೂ ತೆಗೆಸಿದ್ದೆ. ಕಳೆದ ವಾರ ಹೋದಾಗ ನೋಡಿದರೆ ಅದರಲ್ಲಿ ಆರು ತಟ್ಟೆ ಬಾಲ್ಕನಿಯ ಕಟ್ಟೆ ಮೇಲೆ ನೀರು ತುಂಬಿಕೊಂಡು ಸಾಲಾಗಿ ಕೂತಿವೆ. ಅವರ ಮನೆಯವರು ಗುಬ್ಬಿಗೆ ಅಂತ ಇಟ್ಟಿದ್ದಾರಂತೆ. ನಾನು ಬಾಯಿ ತೆರೆಯುವ ಮೊದಲೇ "ದಿನಾ ಚೆಲ್ಲಿ ಹೊಸ ನೀರು ಹಾಕ್ತೀನಿ ಬಿಡಪ್ಪ, ಇವರು ಅದಕ್ಕೂ ಪಟ್ಟಿ ಮಾಡಿದಾರೆ" ಅಂದರು.