ಗೊತ್ತಿರುವ ಹಾಸ್ಯಕ್ಕೆ ಮತ್ತೆ ಮತ್ತೆ ನಗುವುದೇಕೆ?

ದಾವಣಗೆರೆಯಲ್ಲಿ ಕಂಪನಿ ನಾಟಕ ಕ್ಯಾಂಪು ಹಾಕಿದರೆ ಒಂದೇ ನಾಟಕವನ್ನು ನಾಲ್ಕೈದು ಸಲ ನೋಡುವವರಿದ್ದಾರೆ. ಹಾಸ್ಯಪಾತ್ರಧಾರಿ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಯಾರೋ ಆ ಮಾತು ಆಡಿಬಿಡುತ್ತಾರೆ. ಆದರೂ ಅವನು ಅದನ್ನೇ ಹೇಳಿದಾಗ ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಗುತ್ತದೆ.

ನಾಟಕಗಳಿಗೆ ಹಾಸ್ಯದೃಶ್ಯ ಬರೆಯುವ ಇಬ್ಬರು ಗೆಳೆಯರ ಜೊತೆ ಮಿರ್ಚಿ–ಮಂಡಕ್ಕಿ ತಿನ್ನುತ್ತ ಈ ಮಾತು ತೆಗೆದೆ. ಬಿಗಿಯಾಗಿ ಕಟ್ಟಿಕೊಂಡ ನಿರೀಕ್ಷೆ ಥಟ್ಟನೆ ಕರಗಿ ಏನೂ ಉಳಿಯದಿದ್ದಾಗ ನಗು ಹುಟ್ಟುತ್ತದೆ ಎಂದು ತತ್ವಜ್ಞಾನಿ ಕಾಂಟ್ 1790ರಲ್ಲೇ ಬರೆದಿದ್ದ. ಹಾಗಾದರೆ ಎರಡನೇ ಸಲ ಕರಗಲು ಏನು ಉಳಿದಿರುತ್ತದೆ?

ಕಿರಿಯ ಗೆಳೆಯ ಚಾಪ್ಲಿನ್‌ನ ಬೂಟಿನ ಉದಾಹರಣೆ ಕೊಟ್ಟ. 1925ರ ‘ದಿ ಗೋಲ್ಡ್ ರಶ್’ ಚಿತ್ರದಲ್ಲಿ ಹಿಮದ ನಡುವೆ ಹಸಿದವನು ತನ್ನ ಬೂಟನ್ನೇ ಬೇಯಿಸಿಕೊಂಡು ತಿನ್ನುತ್ತಾನೆ. ಲೇಸನ್ನು ಶಾವಿಗೆಯಂತೆ ಫೋರ್ಕಿಗೆ ಸುತ್ತಿಕೊಳ್ಳುತ್ತಾನೆ, ಮೊಳೆಗಳನ್ನು ಮೂಳೆ ಚೀಪುವಂತೆ ಚೀಪುತ್ತಾನೆ. ಹಸಿವೆಂಬುದು ಅಳುವ ಸಂಗತಿ. ಅವನ ಮುಖದಲ್ಲಿ ಮಾತ್ರ ಮದುವೆಯೂಟದ ಗಾಂಭೀರ್ಯ. ಎಲ್ಲೋ ಒಂದು ಕಟ್ಟಳೆ ಮುರಿಯಬೇಕು, ಅದರಿಂದ ಅಪಾಯವಿಲ್ಲವೆಂದು ಅದೇ ಕ್ಷಣ ಅನ್ನಿಸಲೂ ಬೇಕು. ಆಗಲೇ ನಗು ಎಂದು ಮನೋವಿಜ್ಞಾನಿಗಳಾದ ಮೆಕ್‌ಗ್ರಾ ಮತ್ತು ವಾರೆನ್ 2010ರಲ್ಲಿ ವಾದಿಸಿದರು. ನನಗೆ ಇದೇ ಸರಿಯೆನಿಸುತ್ತದೆ. ಅಚ್ಚರಿ ಒಂದೇ ಸಲಕ್ಕೆ ಖರ್ಚಾಗುತ್ತದೆ. ಬೂಟು ಬೂಟಾಗಿಯೂ ಇದ್ದು ಊಟವೂ ಆಗುವ ತಿಕ್ಕಾಟ ಖರ್ಚಾಗುವುದಿಲ್ಲ. ಆ ಬೂಟನ್ನು ಅತಿಮಧುರದ ಮಿಠಾಯಿಯಿಂದ ಮಾಡಿದ್ದರೆಂದು ತಿಳಿದ ಮೇಲೂ ನಾನು ನಕ್ಕಿದ್ದೇನೆ.

ಹಿರಿಯರು ಒಪ್ಪಲಿಲ್ಲ. “ಅದನ್ನೇ ಮನೇಲಿ ಒಬ್ನೇ ಕೂತ್ಕಂಡು ನೋಡಪ್ಪ, ಅಷ್ಟು ನಗು ಬರ್ತತಾ?” ಎಂದರು. ಅವರ ಮಾತಿಗೂ ಆಧಾರವಿದೆ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಅಂಗಡಿ, ಬೀದಿಗಳಲ್ಲಿ ಜನರ ಹರಟೆಗೆ ಕಿವಿಗೊಟ್ಟು 1,200 ನಗುಗಳನ್ನು ದಾಖಲಿಸಿದರು. ಅವುಗಳಲ್ಲಿ ಜೋಕಿನಂಥ ಮಾತಿಗೆ ಬಂದವು ಐದರಲ್ಲಿ ಒಂದೂ ಇರಲಿಲ್ಲ; ಹೆಚ್ಚಿನವು “ಬರ್ತೀನಿ”, “ಹೌದಾ” ಎಂಬಂಥ ಸಾದಾ ಮಾತಿಗೆ ಬಂದಿದ್ದವು. ಒಬ್ಬರೇ ಇರುವಾಗಿಗಿಂತ ಜೊತೆಯಲ್ಲಿದ್ದಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂಬುದೂ ಅವರ ಅಧ್ಯಯನದಲ್ಲಿ ಕಂಡಿತು. ನಾಟ್ಯಶಾಸ್ತ್ರ ಬರೆದ ಭರತನೂ ಹಾಸ್ಯದಲ್ಲಿ ಎರಡು ಬಗೆ ಹೇಳಿದ್ದಾನೆ: ತಾನೇ ನಕ್ಕರೆ ಆತ್ಮಸ್ಥ, ಇನ್ನೊಬ್ಬರನ್ನು ನಗಿಸಿದರೆ ಪರಸ್ಥ.

ಹಿರಿಯರ ಹಸ್ತಪ್ರತಿಯನ್ನು ಆಮೇಲೆ ನೋಡಿದೆ. ಹಾಸ್ಯದ ಮಾತು ಮುಗಿದಲ್ಲೆಲ್ಲ ಎರಡು ಗೆರೆ ಖಾಲಿ. ಮುಂದಿನ ಸಾಲಿನ ನಗು ಹಿಂದಿನ ಸಾಲಿಗೆ ಹೋಗಿ ತಿರುಗಿ ಬರುವವರೆಗೆ ನಟ ಬಾಯಿ ತೆರೆಯಬಾರದಂತೆ.